ಬ್ಲಾಕ್ ಜೋಡಿಸುವ ಮುನ್ನ ಅಳತೆ

ರೋಬಾಟ್ ಸ್ಪರ್ಧೆ ಎಂದೊಡನೆ ಚನ್ನಗಿರಿ, ಜಗಳೂರಿನಂಥ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೊದಲು ಏಳುವ ಪ್ರಶ್ನೆ: 'ನಮ್ಮ ಮಕ್ಕಳಿಗೆ ಕೋಡಿಂಗ್ ಬರುತ್ತದೆಯೇ?' ಗ್ರಾಫಿಕಲ್ ಪ್ರೋಗ್ರಾಮಿಂಗ್ ಈ ಅಂಜಿಕೆಯನ್ನು ಬಹುಮಟ್ಟಿಗೆ ನೀಗಿಸಿದೆ. ಮೋಟಾರು ತಿರುಗಿಸು, ಕಾಯಿ, ಹೀಗಾದರೆ ಹಾಗೆ ಮಾಡು ಎಂಬ ಆಜ್ಞೆಗಳೆಲ್ಲ ಇಲ್ಲಿ ಬಣ್ಣದ ಬ್ಲಾಕ್‌ಗಳು. ಪರದೆಯ ಮೇಲೆ ಅವನ್ನು ಎಳೆದು ಒಂದರ ಕೆಳಗೊಂದು ಜೋಡಿಸಿದರಾಯಿತು. ಚಿಹ್ನೆಯೊಂದು ತಪ್ಪಿ ಪ್ರೋಗ್ರಾಮ್ ನಿಂತುಹೋಗುವ ಕಾಟವಿಲ್ಲ.

ಈ ವಿಧಾನ ಮಕ್ಕಳಿಗಾಗಿಯೇ ಹುಟ್ಟಿದ್ದಲ್ಲ. 1986ರಲ್ಲಿ ಬಂದ ಲ್ಯಾಬ್‌ವ್ಯೂ, ಪ್ರಯೋಗಾಲಯದ ಉಪಕರಣಗಳಿಂದ ಅಳತೆ ಪಡೆಯಲು ಎಂಜಿನಿಯರುಗಳು ಬಳಸಿದ ಚಿತ್ರರೂಪದ ಭಾಷೆ. 2006ರ ಲೆಗೊ ಎನ್‌ಎಕ್ಸ್‌ಟಿ ರೋಬಾಟಿನ ಭಾಷೆ ಅದರ ಮೇಲೆಯೇ ನಿಂತಿತು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ, ಮಕ್ಕಳು ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್ ಭಾಷೆ ಬಂತು. ನಮ್ಮಲ್ಲಿ 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೇ ತರಗತಿಯ ಮಕ್ಕಳ ಕೈಗೆ ಸೆನ್ಸರ್, ಮೋಟಾರುಗಳನ್ನು ಕೊಟ್ಟಿತು.

ಬ್ಲಾಕ್ ಜೋಡಿಸುವುದು ಸುಲಭ. ಅದರಲ್ಲಿ ಯಾವ ಸಂಖ್ಯೆ ತುಂಬಬೇಕೆಂಬುದೇ ನಿಜವಾದ ಕಲಿಕೆ. ರೋಬಾಟ್ 88 ಸೆಂ.ಮೀ. ಸಾಗಬೇಕು ಎನ್ನೋಣ. 'ಮೂರು ಸೆಕೆಂಡ್ ಓಡು' ಎಂದರೆ ಬ್ಯಾಟರಿ ತುಂಬಿದ್ದಾಗ ಗುರಿ ದಾಟುತ್ತದೆ, ಇಳಿದಾಗ ಮುಂಚೆಯೇ ನಿಲ್ಲುತ್ತದೆ. ಬದಲಿಗೆ ಚಕ್ರವನ್ನು ಅಳೆಯಿರಿ. ವ್ಯಾಸ 5.6 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 17.6. ಐದು ಸುತ್ತಿಗೆ 88 ಸೆಂ.ಮೀ. ಮೋಟಾರಿನೊಳಗಿನ ಸೆನ್ಸರ್ ಸುತ್ತುಗಳನ್ನು ತಾನೇ ಎಣಿಸುವುದರಿಂದ ಬ್ಯಾಟರಿ ಇಳಿದರೂ ದೂರ ಹೆಚ್ಚು ಕೆಡುವುದಿಲ್ಲ.

ಕಪ್ಪು ಗೆರೆಯ ಅಂಚು ಹಿಡಿದು ಹೋಗುವ ಕೆಲಸವೂ ಹೀಗೆಯೇ. ಪ್ರತಿಫಲಿಸಿದ ಬೆಳಕಿನ ಅಳತೆ ಕಪ್ಪಿನ ಮೇಲೆ 10, ಬಿಳಿಯ ಮೇಲೆ 70 ಬಂದರೆ, ಅಂಚಿನಲ್ಲಿ ಸುಮಾರು 40. ನಲವತ್ತಕ್ಕಿಂತ ಹೆಚ್ಚಾದರೆ ಎಡಕ್ಕೆ, ಕಡಿಮೆಯಾದರೆ ಬಲಕ್ಕೆ ಎಂದಷ್ಟೇ ಹೇಳಿದರೆ ರೋಬಾಟ್ ಅಡ್ಡಾದಿಡ್ಡಿ ಓಲಾಡುತ್ತದೆ. ವ್ಯತ್ಯಾಸವನ್ನು 0.5ರಿಂದ ಗುಣಿಸಿ ಅಷ್ಟೇ ತಿರುಗಿಸಿ ನೋಡಿ: ಅಳತೆ 50 ಇದ್ದರೆ ತಿರುವು 5, 70 ಇದ್ದರೆ 15. ಸಣ್ಣ ತಪ್ಪಿಗೆ ಸಣ್ಣ ತಿದ್ದುಪಡಿ, ದೊಡ್ಡದಕ್ಕೆ ದೊಡ್ಡದು. ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡ ಕಾಯುವ ಯಂತ್ರಗಳಲ್ಲೂ ಇದೇ ಅನುಪಾತ ನಿಯಂತ್ರಣದ ತತ್ವವಿದೆ. ಆ 0.5 ಕೂಡ ಅಂತಿಮವಲ್ಲ. ಓಡಿಸಿ, ನೋಡಿ, ಬದಲಿಸಬೇಕು. ಶಾಲೆಯ ಕಿಟಕಿಯ ಬೆಳಕಿನಲ್ಲಿ ಪಡೆದ ಅಳತೆ ಸ್ಪರ್ಧೆಯ ಸಭಾಂಗಣದಲ್ಲಿ ಹೊಂದದೇ ಇರಬಹುದು, ಅಲ್ಲಿ ಮತ್ತೆ ಅಳೆಯಬೇಕು. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಆದದ್ದನ್ನು ಬರೆದಿಡಬೇಕು.

ಈ ಕಲಿಕೆ ಪದಕಕ್ಕಷ್ಟೇ ಅಲ್ಲ. ಮಣ್ಣಿನ ತೇವ ಅಳೆಯುವ ಸೆನ್ಸರ್ ಸಿಕ್ಕಿಸಿದರೆ, ಅದೇ 'ಹೀಗಾದರೆ' ಬ್ಲಾಕ್ ಚನ್ನಗಿರಿಯ ಅಡಿಕೆ ತೋಟದ ಹನಿ ನೀರಾವರಿಗೆ, ಮಳೆ ಕಡಿಮೆಯಿರುವ ಜಗಳೂರಿನ ಹೊಲಕ್ಕೆ ನೀರು ಯಾವಾಗ ಬೇಕೆಂದು ಹೇಳಬಲ್ಲದು. ಆದ್ದರಿಂದ ಶಿಕ್ಷಕರಲ್ಲಿ ಒಂದು ಕೋರಿಕೆ: ಮೊದಲ ದಿನ ರೋಬಾಟಿನ ಜೊತೆಗೆ ಮಕ್ಕಳ ಕೈಗೆ ಒಂದು ಸ್ಕೇಲು, ಒಂದು ನೋಟ್‌ಬುಕ್ಕನ್ನೂ ಕೊಡಿ.