ನಿಮಗಿದು ಗೊತ್ತೆ? ಕಾರಿನಿಂದ ಇಳಿಯದೆ ಕೋವಿಡ್ ಪರೀಕ್ಷೆ

2020ರ ಜನವರಿ 20ರಂದು ದಕ್ಷಿಣ ಕೊರಿಯಾ, ಮರುದಿನ ಅಮೆರಿಕ ತಮ್ಮ ತಮ್ಮ ಮೊದಲ ಕೋವಿಡ್ ಪ್ರಕರಣವನ್ನು ಪ್ರಕಟಿಸಿದವು. ಆಮೇಲಿನ ದಾರಿ ಮಾತ್ರ ಬೇರೆಬೇರೆ.

ಕೊರಿಯಾಕ್ಕೆ 2015ರಲ್ಲಿ ಹಬ್ಬಿದ ಮೆರ್ಸ್ ಎಂಬ ಉಸಿರಾಟದ ಕಾಯಿಲೆ ದೊಡ್ಡ ಪಾಠ ಕಲಿಸಿತ್ತು. ಆಗ 186 ಮಂದಿಗೆ ಸೋಂಕು ತಗಲಿ 38 ಜನ ಸತ್ತಿದ್ದರು. ಪರೀಕ್ಷೆಗೆ ಪರದಾಡಿದ್ದ ಸರ್ಕಾರ, ತುರ್ತು ಹೊತ್ತಿನಲ್ಲಿ ಖಾಸಗಿ ಕಂಪನಿಗಳ ಕಿಟ್‌ಗೆ ಬೇಗ ಅನುಮತಿ ಸಿಗುವಂತೆ ಕಾನೂನನ್ನೇ ಬದಲಿಸಿತು. ಹಾಗಾಗಿ ಈ ಸಲ ಫೆಬ್ರವರಿ 4ಕ್ಕೇ ಮೊದಲ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ತಿಂಗಳ ಕೊನೆಗೆ ಡ್ರೈವ್-ಥ್ರೂ ಕೇಂದ್ರಗಳೂ ಬಂದವು. ಕಾರಿನ ಗಾಜು ಇಳಿಸಿದರೆ ಸಾಕು, ಮೈತುಂಬ ರಕ್ಷಾಕವಚ ತೊಟ್ಟ ಸಿಬ್ಬಂದಿ ಮೂಗು, ಗಂಟಲಿನ ದ್ರವ ತೆಗೆದುಕೊಳ್ಳುತ್ತಿದ್ದರು. ಸುಮಾರು ಹತ್ತು ನಿಮಿಷದ ಕೆಲಸ!

ಅಮೆರಿಕದಲ್ಲಾದರೋ, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಫೆಬ್ರವರಿ ಆರಂಭದಲ್ಲಿ ಲ್ಯಾಬ್‌ಗಳಿಗೆ ಕಳಿಸಿದ ಕಿಟ್‌ಗಳಲ್ಲೇ ದೋಷವಿತ್ತು. ಬೇರೆ ಲ್ಯಾಬ್‌ಗಳು ತಾವೇ ರೂಪಿಸಿದ ಪರೀಕ್ಷೆ ಬಳಸಲು ನಿಯಮ ಸಡಿಲವಾದದ್ದು ಫೆಬ್ರವರಿ 29ಕ್ಕೆ. ಅಷ್ಟೊಂದು ವಿಜ್ಞಾನಿಗಳಿರುವ ದೇಶ ಅಮೂಲ್ಯ ವಾರಗಳನ್ನು ಕಳೆದುಕೊಂಡದ್ದು ನೋವಿನ ಸಂಗತಿ.

ಭಾರತದಲ್ಲಿ ಶುರುವಿನಲ್ಲಿ ಈ ಪರೀಕ್ಷೆಗೆ ಆಸರೆಯಾಗಿದ್ದುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. 2020ರ ಜನವರಿ 30ರಂದು ಕೇರಳದಲ್ಲಿ ವರದಿಯಾದ ದೇಶದ ಮೊದಲ ಪ್ರಕರಣ ದೃಢಪಟ್ಟದ್ದೂ ಅಲ್ಲೇ.