ಕೊಬ್ಬರಿ ಮಾರಿ ಕಂಪ್ಯೂಟರ್ ತರೋ ಮುನ್ನ

"ಮಗಳು ಬಿ.ಕಾಂ. ಸೇರಿದ್ದಾಳೆ, ಅಗ್ಗದ ಪುಟ್ಟ ಕಂಪ್ಯೂಟರ್ ಸಾಕಾ ಸಾರ್?" ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಪ್ಪಂದಿರು ಕೇಳೋ ಪ್ರಶ್ನೆ ಇದು.

2023ರಲ್ಲಿ ಬಂದ ಜಿಯೋಬುಕ್ಕನ್ನೇ ತಗೊಳ್ಳಿ. ಬಿಡುಗಡೆಯಾದಾಗ ಬೆಲೆ 16,499 ರೂಪಾಯಿ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000. ಅಂದ್ರೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಒಂದು ಕ್ವಿಂಟಲ್, ಅದರ ಮೇಲೆ 37 ಕೆ.ಜಿ. ಕೊಬ್ಬರಿ!

ಅಷ್ಟು ಕೊಟ್ಟರೆ ಸಿಗೋದೇನು? ಒಂದು ಕೆ.ಜಿ.ಗಿಂತ ಕಡಿಮೆ ತೂಕ, 11.6 ಇಂಚಿನ ಪರದೆ, ಒಳಗೇ 4ಜಿ ಸಿಮ್. ಪಾಠದ ವಿಡಿಯೋ, ಇ-ಮೇಲ್, ಪಹಣಿ, ಎಪಿಎಂಸಿ ಧಾರಣೆ ನೋಡೋಕೆ ಧಾರಾಳ. ಆದ್ರೆ ಇದರಲ್ಲಿ ವಿಂಡೋಸ್ ಇಲ್ಲ. ವಿಂಡೋಸ್‌ಗೆ ಅಂತ ಮಾಡಿದ ನುಡಿ, ಟ್ಯಾಲಿ ಇದರಲ್ಲಿ ನೇರವಾಗಿ ಕೂರಲ್ಲ. ಬಿ.ಕಾಂ. ಹುಡುಗಿಗೆ ಟ್ಯಾಲಿ ಇಲ್ಲದ ಕಂಪ್ಯೂಟರ್ ಕೊಟ್ಟು ಏನು ಪ್ರಯೋಜನ ಹೇಳಿ?

ಇನ್ನೊಂದು ಮಾತು. ಇದರ ರ‍್ಯಾಮ್ 4 ಜಿಬಿ, ಜಾಗ 64 ಜಿಬಿ. ಇಂಥ ಅಗ್ಗದ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಆಮೇಲೆ ಹೆಚ್ಚಿಸೋಕಾಗಲ್ಲ. 2007ರಲ್ಲಿ ಏಸಸ್ ಕಂಪನಿಯ 7 ಇಂಚಿನ 'ಈ ಪಿಸಿ' ಬಂದಾಗ ಅದರಲ್ಲಿದ್ದ ಜಾಗ ಬರೀ 4 ಜಿಬಿ. ಮುದ್ದಾಗಿತ್ತು, ಬೇಗ ತುಂಬಿಹೋಗ್ತಿತ್ತು.

ಕಾಯಿ ಅಲ್ಲಾಡಿಸಿ, ಒಳಗಿನ ಗಿಟುಕು ಸದ್ದು ಕೇಳಿಯೇ ಸುಲಿಯೋರು ನೀವು. ಅಂಗಡಿಯಲ್ಲೂ ಹಾಗೇ ಮಾಡಿ. ಕಾಲೇಜಿನವರು ಹೇಳಿದ ಸಾಫ್ಟ್‌ವೇರ್ ತೆರೆದು ತೋರಿಸಿ ಅನ್ನಿ. ಟ್ಯಾಲಿ ಬೇಕಿದ್ರೆ 8 ಜಿಬಿಯ ಸೆಕೆಂಡ್ ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪ್ ವಿಚಾರಿಸಿ. ಚಾರ್ಜರ್ ಕಿತ್ತು, ಅರ್ಧ ಗಂಟೆ ಅಲ್ಲೇ ಕೂತು, ಬ್ಯಾಟರಿ ಎಷ್ಟು ಇಳೀತು ನೋಡಿ.