ಬೆಡಗಿನಿಂದ ಪದಬಂಧಕ್ಕೆ

ಗೂಢವಾದುದನ್ನು ಬಿಡಿಸಿ ಓದುವ ಸುಖಕ್ಕೂ ಅದರ ಸಂಕಟಕ್ಕೂ ಚಿತ್ರದುರ್ಗದ ಸೀಮೆಯಲ್ಲಿ ಬಹು ಪ್ರಾಚೀನವಾದ ಸಾಕ್ಷ್ಯವುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನವು ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗಿ, ಅದನ್ನು ಬರೆದ ಚಪಡನೆಂಬವನ ಹೆಸರಿಗೆ ಬಂದೊಡನೆ, ಅವನು ಲಿಪಿಕಾರನೆಂದು ತಿಳಿಸುವ ಕಡೆಯ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ನಡೆಯುವ ಖರೋಷ್ಠಿಯಲ್ಲಿ ಹೇಳಿ ಮುಗಿಯುತ್ತದೆ. ಅದೇ ಶಾಸನದ 256 ಎಂಬ ಸಂಖ್ಯೆಯನ್ನು ಬುದ್ಧನ ನಿರ್ವಾಣಾನಂತರ ಕಳೆದ ವರ್ಷಗಳೆಂದು ಬ್ಯೂಲರ್ ಪಂಡಿತರು ಗ್ರಹಿಸಿದ್ದರು; ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂಬ ಮತವು ಬಳಿಕ ನೆಲೆಗೊಂಡಿತು. ಚಪಡನು ಒಗಟು ಹೂಡಲೆಂದು ಉಳಿ ಹಿಡಿದವನಲ್ಲ. ಆದರೂ ಒಂದೇ ಮಾತು ಎರಡು ದಾರಿಗಳನ್ನು ತೋರಿಸಿ, ಅವುಗಳಲ್ಲಿ ಯಾವುದು ನಿಜವೆಂದು ವಿದ್ವಾಂಸರನ್ನು ದಶಕಗಳ ಕಾಲ ನಿಲ್ಲಿಸಿಬಿಟ್ಟ ಆ ಬಂಡೆಯ ಮುಂದೆ, ಪದಬಂಧದ ಚಟವುಳ್ಳವನಿಗೆ ಒಂದು ಬಾಂಧವ್ಯ ತೋರದೆ ಇರದು.

ಬೇಕೆಂದೇ ಅರ್ಥವನ್ನು ಮರೆಸುವ ಕಲೆಯನ್ನಂತೂ ನಮ್ಮ ಪೂರ್ವಿಕರು ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗಳನ್ನು 16 ಬಗೆಯಾಗಿ ವಿಂಗಡಿಸಿದ್ದಾನೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕು ಬರೆಯುವುದೇ ವೀರಶೈವ ವಿದ್ವಾಂಸರಿಗೆ ಒಂದು ತಪಸ್ಸಾಯಿತು. ಕನಕದಾಸರ ಮುಂಡಿಗೆಗಳು ಕೇಳುವವನ ಕೈಯಲ್ಲಿ ಕಗ್ಗಂಟನ್ನಿಟ್ಟು ಸುಮ್ಮನಾಗುತ್ತವೆ. ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಬೆಡಗಿನ ಕೀಲಿಯು ಬೆಡಗಿನೊಳಗೆ ಇಲ್ಲ. ಅದು ಸಂಪ್ರದಾಯದಲ್ಲಿದೆ, ಗುರುವಿನಲ್ಲಿದೆ, ಅನುಭಾವದ ಪರಿಭಾಷೆಯಲ್ಲಿದೆ. ಆ ಪರಿಭಾಷೆಯನ್ನರಿಯದವನು ಎಷ್ಟು ಚತುರನಾದರೂ ಬಾಗಿಲ ಹೊರಗೇ ನಿಲ್ಲಬೇಕಾಗುವುದು.

ಕೀಲಿಯನ್ನು ಬೀಗದೊಳಗೇ ಇಡಬೇಕೆಂಬ ನಿಯಮವು ಬಂದದ್ದು ದೂರದಿಂದ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆಹೋಗಿದ್ದ ಆರ್ಥರ್ ವಿನ್ ಎಂಬ ಪತ್ರಿಕೋದ್ಯೋಗಿಯು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕೃತಿಯ ಪದಬಂಧವೊಂದನ್ನು ಅಚ್ಚುಮಾಡಿಸಿದನು. ಅದರಲ್ಲಿದ್ದುದು ನೇರವಾದ ಅರ್ಥಸೂಚನೆ ಮಾತ್ರ. 1920ರ ದಶಕದಲ್ಲಿ ಅದು ಇಂಗ್ಲೆಂಡಿಗೆ ಬಂದಾಗ, ಟಾರ್ಕ್ವಿಮಾಡ ಎಂಬ ಅಂಕಿತವುಳ್ಳ ಪೋವಿಸ್ ಮ್ಯಾಥರ್ಸ್ ಎಂಬ ಅನುವಾದಕನು ಶ್ಲೇಷೆ, ಅಕ್ಷರಪಲ್ಲಟ, ಪದಚ್ಛೇದಗಳನ್ನು ಸುಳಿವಿನೊಳಗೆ ಹುದುಗಿಸತೊಡಗಿದನು. 1930ರ ಫೆಬ್ರವರಿ 1ರಂದು ಲಂಡನ್ನಿನ ಟೈಮ್ಸ್ ಕೂಡ ಪದಬಂಧಕ್ಕೆ ಸ್ಥಳ ಕೊಟ್ಟಿತು. ಟಾರ್ಕ್ವಿಮಾಡನ ಬುದ್ಧಿ ಅಸಾಧಾರಣವಾದುದಾದರೂ ಅವನ ಸುಳಿವುಗಳು ಎಷ್ಟೋ ಸಲ ಬೆಡಗಿನಂತೆಯೇ ಅಪಾರದರ್ಶಕವಾಗಿದ್ದುವು. ಇಂಥ ಗೂಢಸುಳಿವಿಗೆ ನ್ಯಾಯವನ್ನು ಕಟ್ಟಿಕೊಟ್ಟವರು ಇಬ್ಬರು ಉಪಾಧ್ಯಾಯರು: ಆಫ್ರಿಟ್ ಎಂಬ ಅಂಕಿತದ ರಿಚಿಯು 1949ರಲ್ಲಿಯೂ ಕ್ಸಿಮೆನೀಸ್ ಎಂಬ ಅಂಕಿತದ ಮ್ಯಾಕ್ನಟ್ಟನು 1966ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ. ಅವರ ನಿಯಮದಂತೆ ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥವಿರಬೇಕು, ಉಳಿದ ಭಾಗದಲ್ಲಿ ಉತ್ತರವನ್ನು ಅಕ್ಷರಶಃ ಕಟ್ಟುವ ಕ್ರಮವಿರಬೇಕು, ಇವೆರಡನ್ನುಳಿದು ವ್ಯರ್ಥಪದ ಒಂದೂ ಇರಕೂಡದು. ಓದುಗನನ್ನು ದಾರಿ ತಪ್ಪಿಸಬಹುದು, ವಂಚಿಸಬಾರದು. ಈ ಕಟ್ಟುಪಾಡನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಸೋತವನೂ ಉತ್ತರವನ್ನು ಕಂಡಾಗ ಒಪ್ಪಿ ತಲೆದೂಗುವಂತೆ ಮಾಡುವುದು ಇದೊಂದೇ.

ಕನ್ನಡ ಪತ್ರಿಕೆಗಳಲ್ಲಿ ಪದಬಂಧವು ಮನೆಮಾತಾಯಿತು. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ. ನಾ. ಪ್ರಹ್ಲಾದರಾವ್ ಒಬ್ಬರೇ ರಚಿಸಿದ ಪದಬಂಧಗಳ ಸಂಖ್ಯೆ 30,000ವನ್ನು ಮೀರಿದೆಯೆಂದರೆ, ಈ ಭಾಷೆಯ ಓದುಗರಿಗೆ ಅದರ ಹಸಿವು ಎಷ್ಟೆಂಬುದು ತಿಳಿಯುವುದು. ಆದರೆ ನಮ್ಮ ಸುಳಿವುಗಳು ಬಹುಮಟ್ಟಿಗೆ ಇನ್ನೂ ಅರ್ಥಸೂಚನೆಯಲ್ಲಿಯೇ ನಿಂತಿವೆ. ಗೂಢಸುಳಿವಿನ ಮಾರ್ಗವು ಪೂರ್ಣವಾಗಿ ತೆರೆದಿಲ್ಲ. ಇದಕ್ಕೆ ಕಾರಣವನ್ನು ನಮ್ಮ ಅಕ್ಷರದ ಸ್ವಭಾವದಲ್ಲಿ ಹುಡುಕಬೇಕು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ವರ್ಣ. ಕನ್ನಡದಲ್ಲಿ ಒಂದು ಮನೆಗೆ ವ್ಯಂಜನ, ಸ್ವರ, ಒತ್ತು ಎಲ್ಲವೂ ಕೂಡಿದ ಒಂದು ಅಕ್ಷರ. ಅಕ್ಷರಗಳನ್ನು ಕಲಸಿ ಬೇರೆ ಪದ ಮಾಡುವ ಆಟ ಇಲ್ಲಿ ಸುಲಭವಾಗಿ ಒದಗುವುದಿಲ್ಲ. ಅದಕ್ಕೆ ಪ್ರತಿಯಾಗಿ, ಇಂಗ್ಲಿಷಿನ ಮನೆಗೆ ಎಂದಿಗೂ ಬಾರದ ಒಂದು ಸಂಪತ್ತು ನಮಗಿದೆ: ಎರಡು ಪದಗಳು ಬೆಸೆಯುವ ಗೆರೆಯು ನಮ್ಮಲ್ಲಿ ಒಂದೇ ಮನೆಯ ನಡುವೆ ಹಾದುಹೋಗಬಲ್ಲದು.

ಚಿತ್ರದುರ್ಗದ ಸೀಮೆಯ ನಾಲ್ಕು ಊರುಗಳನ್ನೇ ನೋಡಿ. ಚಿತ್ರದುರ್ಗ, ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ನಾಲ್ಕಕ್ಕೂ ನಾಲ್ಕು ನಾಲ್ಕೇ ಮನೆ. ಮೊದಲೆರಡರಲ್ಲಿ ದುರ್ಗವು ಎರಡನೆಯ ಮನೆಯ ಗೋಡೆಯ ಬಳಿ ಸಲೀಸಾಗಿ ಬಿಡಿಯಾಗುತ್ತದೆ. ಉಳಿದೆರಡರಲ್ಲಿ ಹಾಗಲ್ಲ. "ಹಳೆಯ ಪಟ್ಟಣಕ್ಕೆ ತಟಾಕ ಸೇರಿದರೆ ತಾಲ್ಲೂಕು" ಎಂದು ಸುಳಿವು ಕೊಟ್ಟರೆ, ಪಟ್ಟಣವೆಂಬುದಕ್ಕೆ ಹಳಗನ್ನಡದ ಮಾತನ್ನು ನೆನೆದವನಿಗೆ ಹೊಳಲ್ ದೊರಕುವುದು, ಅದರ ಕಡೆಯ ವ್ಯಂಜನವು ಕೆರೆಯ ಮೊದಲ ಅಕ್ಷರದೊಡನೆ 'ಲ್ಕೆ' ಎಂದು ಮೂರನೆಯ ಮನೆಯಲ್ಲಿ ಒಂದಾಗುವುದು. "ಕಡೆಯ ಸ್ವರವನ್ನು ತೊರೆದ ವೃದ್ಧನು ಗ್ರಾಮವನ್ನು ಕೂಡಿದೊಡೆ ವೇದಾವತೀ ತೀರದ ಪಟ್ಟಣ" ಎಂದರೆ, ಮೊದಲು ಮರಣದ ವಾರ್ತೆಯಂತೆ ಕೇಳಿಸಿದ ಮಾತು ಲೋಪಸಂಧಿಯ ಸೂತ್ರವಾಗಿ ತಿರುಗಿ, ಹಿರಿಯ, ಊರು ಎಂಬೆರಡು ಪದಗಳು ಹಿರಿಯೂರಾಗುವುವು. ಕೇಶಿರಾಜನ ವ್ಯಾಕರಣವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಬೇಸತ್ತ ಹುಡುಗನಿಗೆ ಸಂಧಿಯ ಸೊಗಸನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನರಿಯೆ.

ಕ್ಲೇಶಗಳೂ ಇಲ್ಲಿಯೇ ಹುಟ್ಟುವುವು. ಹೊಳಲ್ಕೆರೆಯನ್ನು ಹೊಳಲಕೆರೆಯೆಂದು ಬರೆಯುವವರುಂಟು. ಆಗ ಐದು ಮನೆ ಬೇಕು. 'ಲ್ಕೆ' ಎಂಬ ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಹಾಯುವ ಪದವೊಂದಕ್ಕಾಗಿ ರಚಕನು ನಿಘಂಟನ್ನೆಲ್ಲ ತಿರುವಿ, ಕೊನೆಗೆ ಕಾಲ್ಕೆರೆದು ಜಗಳಕ್ಕೆ ನಿಲ್ಲುವವನನ್ನೇ ಕರೆತರಬೇಕಾದೀತು. ಬಿಡಿಸುವವನ ಸಂಕಟ ಇನ್ನೊಂದು ಬಗೆ. ಒಂದು ಸುಳಿವಿಗೆ ಎರಡು ಉತ್ತರಗಳೂ ಒಪ್ಪಿ, ಅಡ್ಡಪದವೂ ನೆರವಾಗದೆ ಹೋದಾಗ ಆಗುವ ಅಸಮಾಧಾನವು ಆ ದಿನವೆಲ್ಲ ಮನಸ್ಸನ್ನು ಕಾಡುತ್ತದೆ. ಇಂಥ ಸಂದಿಗ್ಧವು ಶಾಸನಗಳಲ್ಲಿಯೂ ಉಂಟು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯೊಂದರ ಸಂಗತಿಯನ್ನು ಹೇಳುವ ಮೂರೇ ಸಾಲಿನದು, ಎಂ. ಎಚ್. ಕೃಷ್ಣ ಅವರು ಅದರಲ್ಲಿ ಪಲ್ಲವ, ಆಭೀರ ಮೊದಲಾದವರನ್ನು ಗೆದ್ದ ವಾರ್ತೆಯನ್ನು ಓದಿದರು, ಸವೆದ ಅಕ್ಷರಗಳಲ್ಲಿ ಆ ವಿಜಯಗಳು ಇವೆಯೇ ಎಂದು ಮುಂದಿನವರು ಸಂದೇಹಪಟ್ಟರು. ಅಲ್ಲಿ ದೋಷ ಕಾಲದ್ದು, ಕ್ಷಮಿಸಬಹುದು. ಪದಬಂಧದಲ್ಲಿ ಅಂಥ ಸಂದಿಗ್ಧವನ್ನುಳಿಸುವುದು ರಚಕನ ಅಪರಾಧವೆಂದೇ ನನ್ನ ಮತ.

ಈ ನಾಲ್ಕು ಊರುಗಳನ್ನೇ ಒಂದು ಚೌಕದೊಳಗೆ ಹೆಣೆಯಲು ಯಾರಾದರೂ ಮನಸ್ಸು ಮಾಡಿದರೆ ಕೆಲಸ ಅರ್ಧ ಆಗಿಯೇ ಇದೆ. ಹೊಸದುರ್ಗವನ್ನು ಅಡ್ಡಕ್ಕೆ ಬರೆದರೆ, ಅದರ ಕಡೆಯ 'ರ್ಗ'ದ ಮೇಲೆ ಚಿತ್ರದುರ್ಗವು ಬಂದಿಳಿಯುತ್ತದೆ. ಅದರ ಮೊದಲ 'ಹೊ'ದಿಂದ ಹೊಳಲ್ಕೆರೆಯು ಕೆಳಕ್ಕೆ ಹೊರಡುತ್ತದೆ. ಹಿರಿಯೂರಿಗೆ ಮಾತ್ರ ಈ ಮೂರರೊಡನೆ ಸಮಾನವಾದ ಅಕ್ಷರ ಒಂದೂ ಇಲ್ಲ. ಅದೇ ತಾಲ್ಲೂಕಿನ ಮಾರಿಕಣಿವೆಯು 'ರಿ' ಎಂಬ ಅಕ್ಷರವನ್ನು ಹಿಡಿದು ಅದನ್ನು ಕೂಡಬಲ್ಲದು. ಮಾರಿಕಣಿವೆಯಿಂದ ಉಳಿದ ಮೂರು ಊರುಗಳಿಗೆ ಸೇತುವೆಯಾಗುವ ಪದವನ್ನು ಓದುಗರೇ ಹುಡುಕಲಿ.